ಗಾಳ ಹಿಡಿದು ಪೂರ್ವ ಸಿಯೆರಾಕ್ಕೆ: ಸರ್ಕಾರಿ ಜಾಗದಲ್ಲಿ ಟೆಂಟ್ ಹಾಕುವವರಿಗೆ ಕೆಲವು ಮಾತು

ಕ್ಯಾಲಿಫೋರ್ನಿಯಾದ ಬೇ ಏರಿಯಾದಲ್ಲಿ ನೆಲೆಸಿರುವ ನಾನು ಮತ್ತು ನನ್ನ ಭಾವ ಕಳೆದ ಸೆಪ್ಟೆಂಬರ್ ಕೊನೆಯ ವಾರದಲ್ಲಿ ಟ್ರೌಟ್ ಮೀನು ಹಿಡಿಯಲೆಂದು ಸಿಯೆರಾ ನೆವಾಡಾ ಪರ್ವತಗಳ ಪೂರ್ವ ಮಗ್ಗುಲಿಗೆ ಹೋಗಿ, ನಾಲ್ಕು ರಾತ್ರಿಗಳನ್ನು ಟೆಂಟಿನಲ್ಲಿ ಕಳೆದು ಬಂದೆವು. ಅಲ್ಲಿನ ಇನ್ಯೋ ರಾಷ್ಟ್ರೀಯ ಅರಣ್ಯದಲ್ಲಿಯೂ ಬಿ.ಎಲ್.ಎಂ. ಎಂದು ಕರೆಯಲಾಗುವ ಕೇಂದ್ರದ ಭೂ ಇಲಾಖೆಯ ಜಮೀನಿನಲ್ಲಿಯೂ ಹಲವು ಕಡೆ ಬಾಡಿಗೆ ಕೊಡದೆ, ಮುಂಗಡ ಕಾಯ್ದಿರಿಸದೆ ಟೆಂಟ್ ಹಾಕಬಹುದು. ಇದಕ್ಕೆ ಡಿಸ್ಪರ್ಸ್ಡ್ ಕ್ಯಾಂಪಿಂಗ್ ಎಂಬ ಹೆಸರಿದೆ. ನಲ್ಲಿ, ಶೌಚಾಲಯ, ಕಸದ ತೊಟ್ಟಿ ಯಾವುದೂ ಇರುವುದಿಲ್ಲ. ಒಂದೇ ಜಾಗದಲ್ಲಿ ಉಳಿಯಲು ಸಾಮಾನ್ಯವಾಗಿ 14 ದಿನಗಳ ಮಿತಿಯಿರುತ್ತದೆ.

ಹೊರಡುವ ಮೊದಲು ತಿಳಿದಿರಬೇಕಾದ ಮುಖ್ಯ ಸಂಗತಿಯೆಂದರೆ, ಬೇಲಿಯಿಲ್ಲದ ಬಯಲೆಲ್ಲವೂ ಟೆಂಟ್ ಹಾಕಬಹುದಾದ ಬಯಲಲ್ಲ. ಇದನ್ನು ನಾವು ಮೊದಲ ದಿನವೇ ಕಲಿತೆವು. ಕ್ರೌಲಿ ಸರೋವರದ ಬಳಿ ಓವೆನ್ಸ್ ನದಿಯ ದಂಡೆಯಲ್ಲಿ ಸಮತಟ್ಟಾದ ಹುಲ್ಲುಗಾವಲನ್ನು ಕಂಡು, ನೀರಿನ ಸದ್ದು ಕೇಳುತ್ತಾ ಮಲಗಬಹುದೆಂಬ ಆಸೆಯಿಂದ ಸಂಜೆ ಟೆಂಟ್ ಬಿಚ್ಚಿದೆವು. ಗಾಳ ಮಡಚಿಕೊಂಡು ಮರಳುತ್ತಿದ್ದ ಸ್ಥಳೀಯ ಹಿರಿಯರೊಬ್ಬರು ನಿಂತು, ಅದು ಲಾಸ್ ಏಂಜಲೀಸ್ ನಗರದ ಜಮೀನೆಂದೂ, ಹಗಲಿನಲ್ಲಿ ಮೀನು ಹಿಡಿಯಲು ಅಡ್ಡಿಯಿಲ್ಲದಿದ್ದರೂ ರಾತ್ರಿ ಉಳಿಯುವಂತಿಲ್ಲವೆಂದೂ ತಿಳಿಸಿದರು. ನಾನೂರು ಕಿಲೋಮೀಟರಿಗೂ ಹೆಚ್ಚು ದೂರದಲ್ಲಿರುವ ನಗರಕ್ಕೆ ಇಲ್ಲಿ ಜಮೀನು ಹೇಗೆ ಬಂತೆಂದು ನಮಗೆ ಅಚ್ಚರಿಯಾಯಿತು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಆ ನಗರವು ಕುಡಿಯುವ ನೀರಿಗಾಗಿ ಓವೆನ್ಸ್ ಕಣಿವೆಯ ಜಮೀನನ್ನೂ ನೀರಿನ ಹಕ್ಕನ್ನೂ ಕೊಂಡುಕೊಂಡಿತು. 1913ರಲ್ಲಿ ಕಾಲುವೆ ಮುಗಿಯಿತು. ಕ್ರೌಲಿ ಸರೋವರವೂ 1941ರಲ್ಲಿ ಅದೇ ನೀರಿಗಾಗಿ ಕಟ್ಟಿದ ಅಣೆಕಟ್ಟಿನ ಜಲಾಶಯ. ಹೀಗಾಗಿ ಮೀನುಗಾರರಿಗೆ ಪ್ರಿಯವಾದ ನದೀದಂಡೆಯ ಬಹುಪಾಲು ನಗರದ ಕೈಯಲ್ಲಿದ್ದು, ಅದರ ಆಚೆಗಿನ ಒಣ ಇಳಿಜಾರು ಮತ್ತು ಕಾಡು ಕೇಂದ್ರ ಸರ್ಕಾರದ ಕೈಯಲ್ಲಿದೆ. ದಂಡೆಯಲ್ಲಿ ಗಾಳ, ಇಳಿಜಾರಿನ ಮೇಲೆ ಟೆಂಟ್ ಎಂಬ ಲೆಕ್ಕವನ್ನು ಮೊದಲೇ ಮನಸ್ಸಿನಲ್ಲಿಟ್ಟುಕೊಂಡರೆ, ನಮ್ಮಂತೆ ಕತ್ತಲಲ್ಲಿ ಗೂಟ ಕಿತ್ತು ಬೇರೆ ಜಾಗ ಹುಡುಕುವ ಪ್ರಸಂಗ ಬರುವುದಿಲ್ಲ.

ಮರುದಿನ ಬೆಳಿಗ್ಗೆ ಬಿಷಪ್ ಪಟ್ಟಣದ ಮಾಹಿತಿ ಕೇಂದ್ರಕ್ಕೆ ಹೋಗಿ ನಕ್ಷೆ ಕೇಳಿದೆವು. ಜಮೀನಿನ ಒಡೆತನ ತೋರಿಸುವ ನಕ್ಷೆಗಳಲ್ಲಿ ರಾಷ್ಟ್ರೀಯ ಅರಣ್ಯಕ್ಕೆ ಹಸಿರು ಬಣ್ಣ, ಬಿ.ಎಲ್.ಎಂ. ಜಮೀನಿಗೆ ಹಳದಿ ಬಣ್ಣ ಕೊಟ್ಟಿರುತ್ತಾರೆ. ಅದರ ಜೊತೆಗೆ ಯಾವ ಮಣ್ಣುರಸ್ತೆಯಲ್ಲಿ ವಾಹನ ಒಯ್ಯಬಹುದೆಂದು ತೋರಿಸುವ ಅರಣ್ಯ ಇಲಾಖೆಯ ಉಚಿತ ನಕ್ಷೆಯನ್ನೂ ತೆಗೆದುಕೊಳ್ಳಬೇಕು. ಮೊಬೈಲಿಗೆ ಮುಂಚಿತವಾಗಿ ಇಳಿಸಿಕೊಂಡಿರುವುದು ಒಳ್ಳೆಯದು, ಏಕೆಂದರೆ ಹೆದ್ದಾರಿ 395ನ್ನು ಬಿಟ್ಟು ಸ್ವಲ್ಪ ಒಳಗೆ ಹೋದರೆ ಸಿಗ್ನಲ್ ಸಿಗುವ ಭರವಸೆಯಿಲ್ಲ. ನಿಯಮಗಳು ಬದಲಾಗುತ್ತಲೂ ಇರುತ್ತವೆ. ಜನಸಂದಣಿ ಹೆಚ್ಚಾದ ಕಡೆ ಗುರುತು ಮಾಡಿದ ಜಾಗಗಳಲ್ಲಿ ಮಾತ್ರ ಉಳಿಯಬೇಕೆಂಬ ಕಟ್ಟುಪಾಡು ಬರುತ್ತಿರುವುದರಿಂದ, ಹಳೆಯ ಪ್ರವಾಸಕಥನಗಳನ್ನು, ಈ ಬರಹವನ್ನೂ ಸೇರಿಸಿ, ನಂಬಿ ಹೊರಡದೆ ಕಚೇರಿಯಲ್ಲಿ ಒಮ್ಮೆ ವಿಚಾರಿಸಿಕೊಳ್ಳಿರಿ.

ನಾವು ಉಳಿದ ಮೂರು ರಾತ್ರಿಗಳನ್ನು ಮ್ಯಾಮತ್ ಲೇಕ್ಸ್‌ಗೆ ಸಮೀಪದಲ್ಲಿ, ಹೆದ್ದಾರಿಯ ಪೂರ್ವಕ್ಕಿರುವ ಜೆಫ್ರಿ ಪೈನ್ ಕಾಡಿನಲ್ಲಿ ಕಳೆದೆವು. ಹಿಂದೆ ಯಾರೋ ಟೆಂಟ್ ಹಾಕಿ ಗಟ್ಟಿಯಾಗಿದ್ದ ನೆಲವನ್ನೇ ಆರಿಸಿಕೊಂಡೆವು. ಹೊಸ ನೆಲ ತುಳಿದರೆ ಆ ಒಣ ಸೀಮೆಯಲ್ಲಿ ಹುಲ್ಲು ಮರಳಿ ಬರಲು ವರ್ಷಗಳೇ ಬೇಕಾಗುತ್ತವೆ. ಹೊಳೆ, ಕೆರೆಗಳಿಂದ ಕನಿಷ್ಠ 200 ಅಡಿ ದೂರವಿರಬೇಕು. ಶೌಚಕ್ಕೆ ಅಷ್ಟೇ ದೂರದಲ್ಲಿ ಆರರಿಂದ ಎಂಟು ಅಂಗುಲ ಆಳದ ಗುಂಡಿ ತೋಡಿ ಮುಚ್ಚಬೇಕು, ಬಳಸಿದ ಕಾಗದವನ್ನು ಚೀಲದಲ್ಲಿ ಮರಳಿ ತರಬೇಕು. ಇದನ್ನು ಬರೆಯಲು ನನಗೆ ಸಂಕೋಚವಿಲ್ಲ, ಏಕೆಂದರೆ ಆ ಕಾಡಿನಲ್ಲಿ ನಾನು ಕಂಡ ಅತ್ಯಂತ ನೋವಿನ ದೃಶ್ಯ ಪೊದೆಗಳಿಗೆ ಸಿಕ್ಕಿಕೊಂಡಿದ್ದ ಬಿಳಿ ಕಾಗದಗಳೇ ಆಗಿದ್ದವು.

ಬೆಂಕಿಯ ವಿಷಯದಲ್ಲಿ ಸಡಿಲಿಕೆ ಸಲ್ಲದು. ಗ್ಯಾಸ್ ಒಲೆ ಹಚ್ಚುವುದಕ್ಕೂ ಕ್ಯಾಲಿಫೋರ್ನಿಯಾ ಕ್ಯಾಂಪ್‌ಫೈರ್ ಪರ್ಮಿಟ್ ಬೇಕು. ಅದು ಉಚಿತವಾಗಿದ್ದು, ಆನ್‌ಲೈನಿನಲ್ಲಿ ಒಂದು ಚಿಕ್ಕ ವಿಡಿಯೋ ನೋಡಿ ಪ್ರಶ್ನೆಗಳಿಗೆ ಉತ್ತರಿಸಿದರೆ ದೊರೆಯುತ್ತದೆ. ಬೇಸಿಗೆಯಿಂದ ಶರತ್ಕಾಲದವರೆಗೆ ಸೌದೆಯ ಬೆಂಕಿಗೆ ನಿರ್ಬಂಧವಿರುವುದೇ ಹೆಚ್ಚು. ನಾವು ಸೌದೆಯ ಯೋಚನೆಯನ್ನೇ ಬಿಟ್ಟು ಗ್ಯಾಸ್ ಒಲೆ ಮತ್ತು ಸಣ್ಣ ಪ್ರೆಷರ್ ಕುಕ್ಕರ್ ಒಯ್ದಿದ್ದೆವು. ಕುಕ್ಕರನ್ನು ಮರೆಯಬೇಡಿರಿ: ಸುಮಾರು 7,000 ಅಡಿ ಎತ್ತರದಲ್ಲಿ ನೀರು 93 ಡಿಗ್ರಿ ಸೆಲ್ಸಿಯಸ್ಸಿಗೇ ಕುದಿಯುವುದರಿಂದ ತೆರೆದ ಪಾತ್ರೆಯಲ್ಲಿ ಅನ್ನ ಬೇಯಲು ಬಹಳ ಹೊತ್ತು ಹಿಡಿಯುತ್ತದೆ, ಬೇಳೆಯಂತೂ ಬೇಯುವುದೇ ಕಷ್ಟ. ರಾತ್ರಿಯ ಚಳಿ ಸೆಪ್ಟೆಂಬರಿನಲ್ಲಿಯೇ ಶೂನ್ಯದ ಹತ್ತಿರಕ್ಕೆ ಇಳಿಯುತ್ತದೆ. ಬಿಸಿ ಹುಳಿ-ಅನ್ನ ಆಗ ಬರೀ ನಾಲಿಗೆಯ ಚಪಲವಲ್ಲ.

ಆ ಸೀಮೆಯಲ್ಲಿ ಕಪ್ಪು ಕರಡಿಗಳಿವೆ, ಮೀನಿನ ವಾಸನೆ ಅವುಗಳನ್ನು ಕರೆತರುತ್ತದೆ. ಅಕ್ಕಿ, ಉಪ್ಪಿನಕಾಯಿ, ಟೂತ್‌ಪೇಸ್ಟ್ ಸೇರಿದಂತೆ ವಾಸನೆಯಿರುವ ಎಲ್ಲವನ್ನೂ ಕರಡಿಗೆ ತೆರೆಯಲಾಗದ ಡಬ್ಬಿಯಲ್ಲಿಟ್ಟು ಟೆಂಟಿನಿಂದ ದೂರ ಇರಿಸಬೇಕು. ಕಾರಿನೊಳಗಿಟ್ಟರೆ ಸಾಕೆಂಬ ಭಾವನೆ ತಪ್ಪು, ಕಾರಿನ ಬಾಗಿಲು ತೆರೆಯಲು ಕಲಿತ ಕರಡಿಗಳಿವೆ. ಮೀನನ್ನು ಟೆಂಟಿನ ಬಳಿ ಸೀಳದೆ, ಕರುಳು-ಪೊರೆಗಳನ್ನು ಬಿಗಿಯಾದ ಚೀಲದಲ್ಲಿ ಕಟ್ಟಿ ಪಟ್ಟಣದ ಕಸದ ಡಬ್ಬಕ್ಕೆ ಹಾಕಿ, ಸೀಳುವಾಗ ತೊಟ್ಟ ಅಂಗಿಯನ್ನು ಬದಲಿಸಿ ಮಲಗಿರಿ.

ಹದಿನಾರು ವರ್ಷ ತುಂಬಿದವರೆಲ್ಲರಿಗೂ ರಾಜ್ಯದ ಮೀನುಗಾರಿಕೆ ಪರವಾನಗಿ ಕಡ್ಡಾಯ; 2023ರಿಂದ ವಾರ್ಷಿಕ ಪರವಾನಗಿಯು ಕೊಂಡ ದಿನದಿಂದ 365 ದಿನ ನಡೆಯುತ್ತದೆ. ಒಂದೊಂದು ಹೊಳೆಗೂ ಒಂದೊಂದು ನಿಯಮವಿದೆ. ಹಾಟ್ ಕ್ರೀಕ್‌ನಲ್ಲಿ ಹಿಮ್ಮುಳ್ಳಿಲ್ಲದ ಕೊಕ್ಕೆಯ ಕೃತಕ ಎರೆಯನ್ನು ಮಾತ್ರ ಬಳಸಿ, ಹಿಡಿದ ಮೀನನ್ನೆಲ್ಲ ನೀರಿಗೇ ಬಿಡಬೇಕು. ಎರೆಹುಳು ಚುಚ್ಚಿ ಹಳ್ಳದಲ್ಲಿ ಮೀನು ಹಿಡಿದು ಬೆಳೆದ ನನಗೆ ಮೊದಲು ಇದು ವಿಚಿತ್ರವೆನಿಸಿತ್ತು. ಆದರೆ ಕೈಯಲ್ಲಿ ಹಿಡಿದ ಬ್ರೌನ್ ಟ್ರೌಟ್ ಒಂದು ಕ್ಷಣ ನೀರಿನಲ್ಲಿ ನಿಂತು, ಮೈ ಕೊಡವಿ ಪಾಚಿಯೊಳಗೆ ಸರಿದುಹೋದುದನ್ನು ಕಂಡಾಗ ಆ ನಿಯಮ ಏಕಿದೆಯೆಂದು ಅರ್ಥವಾಯಿತು.

ಓವೆನ್ಸ್ ನದಿಯಲ್ಲಿ ನ್ಯೂಜಿಲೆಂಡ್ ಮೂಲದ ಅತಿ ಸಣ್ಣ ಬಸವನಹುಳು ಸೇರಿಕೊಂಡಿದೆ. ಅದು ಬೂಟಿನ ಹೊಲಿಗೆ, ಲೇಸುಗಳಲ್ಲಿ ಅಂಟಿಕೊಂಡು ಮುಂದಿನ ಹೊಳೆಗೆ ದಾಟುತ್ತದೆ, ತೊಳೆದ ಮಾತ್ರಕ್ಕೆ ಸಾಯುವುದಿಲ್ಲ. ಆದ್ದರಿಂದ ನೀರಿಗಿಳಿದ ಬೂಟುಗಳನ್ನು ಅಲ್ಲಿಯೇ ಬ್ರಷ್‌ನಿಂದ ಉಜ್ಜಿ, ಮನೆಗೆ ಬಂದ ಮೇಲೆ ಕನಿಷ್ಠ ಆರು ಗಂಟೆ ಫ್ರೀಜರಿನಲ್ಲಿಡಬೇಕು. ನಾವು ನಮ್ಮ ಬೂಟುಗಳನ್ನು ದೊಡ್ಡ ಪ್ಲಾಸ್ಟಿಕ್ ಚೀಲಗಳಲ್ಲಿ ಕಟ್ಟಿ ಇಡೀ ರಾತ್ರಿ ಇಟ್ಟು, ಮರುದಿನ ಬಿಸಿಲಿನಲ್ಲಿ ಒಣಗಿಸಿದೆವು.