ನೂರು ನಿಮಿಷಕ್ಕೆ ಮುರಿದ ಕಡ್ಡಿ

ಲೋಹದ ಕಡ್ಡಿಯನ್ನು ಬಾಗಿಸಿ ತಿರುಗಿಸುತ್ತಾ, ಎಷ್ಟು ಸುತ್ತಿಗೆ ಮುರಿಯುತ್ತೆ ಅಂತ ನೋಡೋ ಮಷಿನ್ ನಮ್ಮ ಲ್ಯಾಬಿನಲ್ಲಿದೆ. ಗುರುವಾರ ಬೆಳಗ್ಗೆ ಹತ್ತಕ್ಕೆ ಅದನ್ನು ಆನ್ ಮಾಡಿ ಕ್ಲಾಸಿಗೆ ಹೋಗಿದ್ದೆ. ಹಾಸನದಲ್ಲಿ ಅವತ್ತು ಜಡಿಮಳೆ, ಕರೆಂಟ್ ಹೋದರೆ ಏನು ಗತಿ ಅನ್ನೋದೇ ನನ್ನ ಚಿಂತೆ. ಹನ್ನೊಂದು ಮುಕ್ಕಾಲಿಗೆ ನಮ್ಮ ಲ್ಯಾಬ್ ಅಟೆಂಡರ್ ಬಾಗಿಲಿಗೆ ಬಂದು, "ಮೇಡಂ, ಕಡ್ಡಿ ಮುರಿದೋಯ್ತು" ಅಂದರು. "ಬೆಳಗ್ಗೆ ಹಾಕಿದ್ದೇ ಅಲ್ವಾ, ಇಷ್ಟು ಬೇಗ?" ಅಂದೆ ನಾನು.

ಅದು 3ಡಿ ಪ್ರಿಂಟ್ ಮಾಡಿದ ಟೈಟಾನಿಯಂ ಕಡ್ಡಿ. ಲೋಹದ ಪುಡಿಯನ್ನು ತೆಳ್ಳಗೆ ಹರಡಿ, ಲೇಸರ್‌ನಲ್ಲಿ ಕರಗಿಸಿ, ಅದರ ಮೇಲೆ ಮತ್ತೆ ಪುಡಿ ಹರಡಿ, ಹೀಗೆ ಪದರ ಪದರವಾಗಿ ನಿಲ್ಲಿಸಿ ಬೆಳೆಸಿದ್ದು. ಬೆಂಗಳೂರಿಂದ ತರಿಸಿ ಲೇತ್‌ನಲ್ಲಿ ನುಣ್ಣಗೆ ಮಾಡಿಸಿದ್ದೆವು. ಮಷಿನ್ ನಿಮಿಷಕ್ಕೆ 3000 ಸುತ್ತು ತಿರುಗುತ್ತೆ. ಬಾಗಿದ ಕಡ್ಡಿ ತಿರುಗುವಾಗ ಅದರ ಹೊರಮೈ ಪ್ರತಿ ಸುತ್ತಿಗೂ ಒಮ್ಮೆ ಎಳೆಸಿಕೊಳ್ಳುತ್ತೆ, ಒಮ್ಮೆ ಒತ್ತಿಸಿಕೊಳ್ಳುತ್ತೆ. ಆ ಹೊರಮೈಗೆ ಹಾಕಿದ್ದ ಎಳೆತ 450 ಮೆಗಾಪ್ಯಾಸ್ಕಲ್. ರಿಪೋರ್ಟಿನಲ್ಲಿ ಡೆನ್ಸಿಟಿ 99.8% ಅಂತಿತ್ತು, ಅಂದರೆ ಒಳಗೆ ತೂತು ಬರೀ 0.2%, ಅದನ್ನೇ ನಂಬಿ ಒಂದು ಕೋಟಿ ಸುತ್ತು ದಾಟುತ್ತೆ ಅಂತ ನೋಟ್‌ಬುಕ್ಕಿನಲ್ಲಿ ಬರೆದಿದ್ದೆ. ಕೌಂಟರ್ ನಿಂತಿದ್ದು 3 ಲಕ್ಷದ ಹತ್ತಿರ.

ಮುರಿದ ತುದಿಯನ್ನು ಮೈಕ್ರೋಸ್ಕೋಪಿನಡಿ ಇಟ್ಟೆ. ಬೀಸಣಿಗೆಯ ಕಡ್ಡಿಗಳ ಹಾಗೆ ಗೆರೆಗಳೆಲ್ಲ ಅಂಚಿನ ಒಂದೇ ಜಾಗದಿಂದ ಹರಡಿದ್ದವು. ಅಲ್ಲೊಂದು ಚಪ್ಪಟೆ ತೂತು, ಅದರೊಳಗೆ ಕರಗದೇ ಉಳಿದ ಪುಡಿಯ ಗುಂಡು ಕಾಳುಗಳು. ಅಗಲ 80 ಮೈಕ್ರಾನ್, ಆಳ 50, ಸುಮಾರು ಒಂದು ತಲೆಕೂದಲಿನ ದಪ್ಪ ಅಷ್ಟೇ. ಎರಡು ಪದರದ ನಡುವೆ ಮಲಗಿದ್ದ ತೂತು, ಎಳೆತಕ್ಕೆ ಸರಿಯಾಗಿ ಅಡ್ಡ. ಮೊದಲು ಒಳಗಿದ್ದಿರಬೇಕು. ನಾವು ಲೇತ್‌ನಲ್ಲಿ ಮೈ ಕೆರೆದಾಗ ಹೊರಗೆ ಬಾಯಿಬಿಟ್ಟಿದೆ. ಇದು ನನಗೆ ತುಂಬಾ ನೋವಾದ ವಿಷಯ, ನುಣ್ಣಗಾದಷ್ಟೂ ಒಳ್ಳೇದು ಅಂತ ಹುಡುಗರಿಗೆ ಹೇಳಿಕೊಟ್ಟವಳು ನಾನೇ.

ತೂತಿರುವ ಲೋಹ ಎಷ್ಟು ಎಳೆತದವರೆಗೆ ಮುರಿಯದೆ ತಾಳುತ್ತೆ ಅಂತ ಹೇಳೋ, ಜಪಾನಿನ ಮುರಕಾಮಿ ಅವರ ಸೂತ್ರ ಹಾಕಿ ನೋಡಿದೆ. ತೂತು ಹೊರಮೈಯಲ್ಲಿದ್ದರೆ ಅದಕ್ಕೆ ಬೇಕಿರೋದು ಎರಡೇ: ಲೋಹದ ಗಡಸುತನ, ಮತ್ತೆ ಎಳೆತದ ಕಡೆಯಿಂದ ನೋಡಿದಾಗ ಕಾಣುವ ತೂತಿನ ವಿಸ್ತೀರ್ಣದ ವರ್ಗಮೂಲ. ಗಡಸುತನ 350, ವರ್ಗಮೂಲ 63 ಮೈಕ್ರಾನ್. ಬಂದ ಉತ್ತರ ಸುಮಾರು 337 ಮೆಗಾಪ್ಯಾಸ್ಕಲ್. ನಾವು ಹಾಕಿದ್ದು 450! ಮುರಿಯದೇ ಇನ್ನೇನು? ಸೂತ್ರದಲ್ಲಿ ಒಟ್ಟು ಎಷ್ಟು ತೂತಿದೆ ಅನ್ನೋ ಮಾತೇ ಇಲ್ಲ, ಬೇಕಾದದ್ದು ಎಲ್ಲಕ್ಕಿಂತ ದೊಡ್ಡದು ಯಾವುದು, ಹೊರಮೈಗೆ ಎಷ್ಟು ಹತ್ತಿರ ಅನ್ನೋದು. ಬಿಸಿ ಗ್ಯಾಸಿನ ಒತ್ತಡದಲ್ಲಿಟ್ಟು ಒಳಗಿನ ತೂತು ಮುಚ್ಚಿಸೋ ದಾರಿ ಇದೆ, ಆದರೆ ಹೊರಗೆ ಬಾಯಿಬಿಟ್ಟಿದ್ದರೆ ಗ್ಯಾಸ್ ಒಳಗೇ ನುಗ್ಗುತ್ತೆ, ಮುಚ್ಚಲ್ಲ.

ಅವತ್ತೇ ಮಧ್ಯಾಹ್ನ ಹನ್ನೆರಡಕ್ಕೆ, ಅದೇ ಪ್ಲೇಟಿನ ಮೇಲೆ ಪ್ರಿಂಟ್ ಆದ ಇನ್ನೊಂದು ಕಡ್ಡಿ ಹಾಕಿದ್ದೆವು. ಅದೇ ಭಾರ. ಶನಿವಾರ ಸಂಜೆ ಏಳೂವರೆ ದಾಟಿದ ಮೇಲೆ, 55 ಗಂಟೆ ಕಳೆದು, ಕೌಂಟರ್ ಒಂದು ಕೋಟಿ ತೋರಿಸಿತು. ಕಡ್ಡಿ ಇನ್ನೂ ತಿರುಗುತ್ತಲೇ ಇತ್ತು. ಅಟೆಂಡರ್ ಮನೆಗೆ ಹೋಗದೆ ಪಕ್ಕದಲ್ಲೇ ಸ್ಟೂಲ್ ಹಾಕಿಕೊಂಡು ಕೂತಿದ್ದರು. ನಾನು ನೋಟ್‌ಬುಕ್ ತೆಗೆದು, ಡೆನ್ಸಿಟಿ ಬರೆಯುವ ಕಾಲಂ ಪಕ್ಕದಲ್ಲಿ ಇನ್ನೊಂದು ಗೆರೆ ಎಳೆದು, 'ಅತಿ ದೊಡ್ಡ ತೂತು, ಎಲ್ಲಿದೆ' ಅಂತ ಬರೆದೆ.