ಡೇಟಾ ಮಾಡೆಲಿಂಗ್‌ಗೆ ಲಾಜಿಕ್ ಕಲಿಯಲೇಬೇಕಾ?

ಡೇಟಾಬೇಸ್ ಕೆಲಸಕ್ಕೆ ಹೊಸದಾಗಿ ಬಂದವರು ನನ್ನನ್ನು ಪದೇ ಪದೇ ಕೇಳುವ ಪ್ರಶ್ನೆ ಇದು: "ಕಾನ್ಸೆಪ್ಚುವಲ್ ಡೇಟಾ ಮಾಡೆಲ್ ಮಾಡೋಕೆ ಫಾರ್ಮಲ್ ಲಾಜಿಕ್ ಕಲಿಯಬೇಕಾ? ಕಲಿಯೋದಾದರೆ ಎಷ್ಟು?" ಕಾನ್ಸೆಪ್ಚುವಲ್ ಡೇಟಾ ಮಾಡೆಲ್ ಅಂದರೆ ಡೇಟಾಬೇಸ್ ಕಟ್ಟುವ ಮೊದಲು, ಅದರಲ್ಲಿ ಯಾವ ಸಂಗತಿಗಳಿರಬೇಕು, ಅವುಗಳ ನಡುವೆ ಏನು ಸಂಬಂಧ ಅಂತ ತೋರಿಸುವ ನಕ್ಷೆ. ನಾಲ್ಕು ಬಾಕ್ಸ್ ಬರೆದು ಗೆರೆ ಎಳೆಯೋಕೆ ಅಷ್ಟೆಲ್ಲ ಯಾಕೆ ಅನ್ನೋದು ಅವರ ಅನುಮಾನ.

ಬೇಕು ಅಂತಲೇ ನಾನು ಹೇಳುತ್ತೇನೆ. ಆದರೆ ಲಾಜಿಕ್ ಪಠ್ಯದಲ್ಲಿ ಇರುವುದೆಲ್ಲ ಬೇಡ. "ಎಲ್ಲ", "ಕನಿಷ್ಠ ಒಂದು", "ಹೀಗಿದ್ದರೆ ಹಾಗೆ", "ಅಲ್ಲ" ಈ ನಾಲ್ಕನ್ನು ಗಟ್ಟಿಯಾಗಿ ಕಲಿತರೆ ಕೆಲಸದ ದೊಡ್ಡ ಪಾಲು ಮುಗಿಯುತ್ತದೆ. ಪಠ್ಯದ ಭಾಷೆಯಲ್ಲಿ ಅದು ಫಸ್ಟ್ ಆರ್ಡರ್ ಪ್ರೆಡಿಕೇಟ್ ಲಾಜಿಕ್.

ಲಾಜಿಕ್ ಇಲ್ಲಿಗೆ ಹೊರಗಿನಿಂದ ಬಂದದ್ದೂ ಅಲ್ಲ. ಐಬಿಎಂನಲ್ಲಿದ್ದ ಇ. ಎಫ್. ಕಾಡ್ 1970ರಲ್ಲಿ, ಡೇಟಾವನ್ನು ಟೇಬಲ್‌ಗಳಾಗಿ ಜೋಡಿಸುವ ರಿಲೇಷನಲ್ ಮಾಡೆಲ್ ಅನ್ನು ಮುಂದಿಟ್ಟಾಗ ಅದರ ಬುನಾದಿಯೇ ಸೆಟ್ ಥಿಯರಿ ಮತ್ತು ಪ್ರೆಡಿಕೇಟ್ ಲಾಜಿಕ್ ಆಗಿತ್ತು. ಟೇಬಲ್ ಅಂದರೆ ಒಂದು ಪ್ರೆಡಿಕೇಟ್ ("ಇಂಥ ಜಮೀನಿಗೆ ಇಂಥವರು ಮಾಲೀಕರು" ಎಂಬಂಥ, ಹೆಸರು ತುಂಬಿದರೆ ನಿಜವೋ ಸುಳ್ಳೋ ಆಗುವ ವಾಕ್ಯದ ಅಚ್ಚು), ಅದರ ಪ್ರತಿ ಸಾಲೂ ನಿಜ ಅಂತ ನಾವು ಒಪ್ಪಿದ ಒಂದು ಹೇಳಿಕೆ. ವಸ್ತುಗಳನ್ನು, ಅವುಗಳ ಸಂಬಂಧಗಳನ್ನು ಬಾಕ್ಸ್ ಮತ್ತು ಗೆರೆಗಳಲ್ಲಿ ತೋರಿಸುವ, ಪೀಟರ್ ಚೆನ್ ಅವರ ಎಂಟಿಟಿ-ರಿಲೇಷನ್‌ಶಿಪ್ ಚಿತ್ರಗಳು ಬಂದದ್ದು 1976ರಲ್ಲಿ. ನಾವು ಎಳೆಯುವ ಗೆರೆಗಳ ಹಿಂದೆಯೂ ವಾಕ್ಯಗಳೇ ಇವೆ. ಆ ವಾಕ್ಯ ಏನು ಹೇಳುತ್ತಿದೆ ಅಂತ ಗೊತ್ತಿಲ್ಲದಿದ್ದರೆ ಗೆರೆ ಸುಮ್ನೆ ಗೆರೆ.

ನಮಗೆಲ್ಲ ಗೊತ್ತಿರುವ ಪಹಣಿಯನ್ನೇ ತೆಗೆದುಕೊಳ್ಳೋಣ. ಸರ್ವೆ ನಂಬರ್, ಹಿಸ್ಸಾ, ಎಕರೆ-ಗುಂಟೆ, ಮಾಲೀಕರ ಹೆಸರು, ಸಾಗುವಳಿ, ಋಣ ಎಲ್ಲವೂ ಒಂದೇ ಹಾಳೆಯಲ್ಲಿ ಸಿಗುತ್ತವೆ. ಅಭ್ಯಾಸಕ್ಕೆ ಇದಕ್ಕಿಂತ ಒಳ್ಳೆಯ ದಾಖಲೆ ನನಗೆ ಕಂಡಿಲ್ಲ. ಮೊದಲ ವಾಕ್ಯ: "ಪ್ರತಿ ಹಿಸ್ಸಾಗೂ ಒಬ್ಬ ಮಾಲೀಕರಿರುತ್ತಾರೆ." ಕೇಳೋಕೆ ಸರಿಯಾಗೇ ಇದೆ, ಅಲ್ವಾ? ಆದರೆ ಕನಿಷ್ಠ ಒಬ್ಬರು ಅಂತಲೋ, ಒಬ್ಬರೇ ಅಂತಲೋ? ಜಂಟಿ ಖಾತೆ ಇದ್ದರೆ? ಸರ್ಕಾರಿ ಜಮೀನಾದರೆ? ದೇವಸ್ಥಾನದ ಹೆಸರಿನಲ್ಲಿದ್ದರೆ ಮಾಲೀಕರು ಮನುಷ್ಯರೇ ಆಗಿರಬೇಕು ಅನ್ನೋದೂ ಬಿದ್ದುಹೋಯಿತು. ಲಾಜಿಕ್‌ನಲ್ಲಿ ಬರೆಯಲು ಕೂತರೆ ಇವುಗಳಲ್ಲಿ ಒಂದನ್ನೂ ತಪ್ಪಿಸಿಕೊಳ್ಳಲು ಆಗುವುದಿಲ್ಲ. "ಕನಿಷ್ಠ ಒಬ್ಬರು" ಬರೆಯುವ ರೀತಿಯೇ ಬೇರೆ, "ಒಬ್ಬರೇ" ಬರೆಯುವ ರೀತಿಯೇ ಬೇರೆ.

"ಎಲ್ಲ" ಮತ್ತು "ಒಂದು" ಯಾವ ಕ್ರಮದಲ್ಲಿ ಬರುತ್ತವೆ ಅನ್ನೋದೂ ಮುಖ್ಯ. ಪ್ರತಿ ಗ್ರಾಮಕ್ಕೂ ಒಬ್ಬ ಗ್ರಾಮ ಲೆಕ್ಕಿಗರು (ಈಗಿನ ಗ್ರಾಮ ಆಡಳಿತ ಅಧಿಕಾರಿ) ಇದ್ದಾರೆ ಅನ್ನೋದು ಒಂದು ಮಾತು. ಒಬ್ಬ ಲೆಕ್ಕಿಗರಿದ್ದಾರೆ, ಎಲ್ಲ ಗ್ರಾಮಗಳಿಗೂ ಅವರೇ ಅನ್ನೋದು ಇನ್ನೊಂದು ಮಾತು. ಒಬ್ಬ ಲೆಕ್ಕಿಗರ ವ್ಯಾಪ್ತಿಗೆ ಬರುವ ಒಂದು ವೃತ್ತದೊಳಗೆ ನೋಡಿದರೆ ಎರಡೂ ನಿಜ, ಯಾಕೆಂದರೆ ಒಂದು ವೃತ್ತಕ್ಕೆ ಹಲವು ಗ್ರಾಮಗಳು ಸೇರಬಹುದು. ಇಡೀ ತಾಲ್ಲೂಕಿಗೆ ನೋಡಿದರೆ ಮೊದಲನೆಯದು ಮಾತ್ರ ನಿಲ್ಲುತ್ತದೆ. ಈ ವ್ಯತ್ಯಾಸ ಕಣ್ಣಿಗೆ ಬಿದ್ದಾಗ "ವೃತ್ತ" ಅನ್ನುವ ಬಾಕ್ಸ್ ಮಾಡೆಲ್‌ನಲ್ಲಿ ಇಲ್ಲವಲ್ಲ ಅಂತ ಹೊಳೆಯುತ್ತದೆ.

ಲಾಜಿಕ್ ಕಲಿಯದವರಿಗೆ ಅತಿ ವಿಚಿತ್ರ ಅನ್ನಿಸುವುದು ಖಾಲಿ ಗುಂಪಿನ ವಿಚಾರ. "ಈ ಹಿಸ್ಸಾದ ಎಲ್ಲ ಮಾಲೀಕರೂ ಒಪ್ಪಿಗೆ ಕೊಟ್ಟಿದ್ದಾರೆ." ಮಾಲೀಕರ ಹೆಸರೇ ದಾಖಲಾಗಿಲ್ಲದ ಹಿಸ್ಸಾಗೆ ಈ ವಾಕ್ಯ ನಿಜವೋ ಸುಳ್ಳೋ? ಲಾಜಿಕ್ ಪ್ರಕಾರ ನಿಜ. ಒಪ್ಪಿಗೆ ಕೊಡದ ಮಾಲೀಕರು ಯಾರೂ ಇಲ್ಲವಲ್ಲ! ಡೇಟಾಬೇಸ್‌ಗೆ ಪ್ರಶ್ನೆ ಕೇಳುವ ಭಾಷೆಯಾದ ಎಸ್‌ಕ್ಯುಎಲ್‌ನಲ್ಲೂ ಇದನ್ನು ಸಾಮಾನ್ಯವಾಗಿ "ನಾಟ್ ಎಕ್ಸಿಸ್ಟ್ಸ್" (ಅಂಥದ್ದು ಯಾವುದೂ ಇಲ್ಲ) ಬಳಸಿಯೇ ಬರೆಯುತ್ತೇವೆ. ಹಾಗಾಗಿ ಆ ಹಿಸ್ಸಾ ಪರೀಕ್ಷೆಯಲ್ಲಿ ಪಾಸಾಗಿ ಮುಂದಕ್ಕೆ ಹೋಗುತ್ತದೆ. "ಕನಿಷ್ಠ ಒಬ್ಬ ಮಾಲೀಕರಿರಬೇಕು" ಅನ್ನುವ ನಿಯಮವನ್ನು ಬೇರೆಯಾಗಿ ಬರೆಯದಿದ್ದರೆ ಅದನ್ನು ತಡೆಯುವವರಿಲ್ಲ.

ಇನ್ನು ನಲ್, ಅಂದರೆ ಏನೂ ತುಂಬದೆ ಬಿಟ್ಟ ಜಾಗ. ಮಾಲೀಕರು ತೀರಿಕೊಂಡ ದಿನಾಂಕದ ಕಾಲಂ ಖಾಲಿ ಇದೆ ಅಂದರೆ ಅವರು ಬದುಕಿದ್ದಾರೆ ಅಂತಲಾ, ಗೊತ್ತಿಲ್ಲ ಅಂತಲಾ? ಪೌತಿ ಖಾತೆ ಆಗದೆ ಅಜ್ಜನ ಹೆಸರಲ್ಲೇ ಉಳಿದಿರುವ ಜಮೀನು ನಮ್ಮ ಊರುಗಳಲ್ಲಿ ಬೇಕಾದಷ್ಟಿದೆ. ಹಾಗಾಗಿ ಈ ಪ್ರಶ್ನೆ ಹುಡುಗಾಟದ್ದಲ್ಲ. ಎಸ್‌ಕ್ಯುಎಲ್ ನಿಜ, ಸುಳ್ಳು, ಗೊತ್ತಿಲ್ಲ ಎಂಬ ಮೂರು ಬೆಲೆಗಳ ಲಾಜಿಕ್ ಬಳಸುತ್ತದೆ. ಸಾಲುಗಳನ್ನು ಹುಡುಕುವಾಗ ಹಾಕುವ "ವೇರ್" ಷರತ್ತು ನಿಜವಾದ ಸಾಲುಗಳನ್ನಷ್ಟೇ ಉಳಿಸಿಕೊಳ್ಳುತ್ತದೆ. ಡೇಟಾ ಒಳಗೆ ಸೇರಿಸುವಾಗ ನೋಡುವ "ಚೆಕ್" ನಿಯಮ ಸುಳ್ಳಾದವನ್ನಷ್ಟೇ ತಳ್ಳಿಹಾಕುತ್ತದೆ. ಅಂದರೆ "ಗೊತ್ತಿಲ್ಲ" ಒಂದು ಕಡೆ ಹೊರಗೆ, ಇನ್ನೊಂದು ಕಡೆ ಒಳಗೆ. ಕಾನ್ಸೆಪ್ಚುವಲ್ ಮಾಡೆಲ್ ಮಾಡುವಾಗಲೇ ಎರಡು ಅರ್ಥಗಳನ್ನು ಬಿಡಿಸಿಟ್ಟರೆ ಮುಂದೆ ಈ ಗೋಜಲು ತುಂಬ ಕಡಿಮೆಯಾಗುತ್ತದೆ.

ನನಗೆ ಎಲ್ಲಕ್ಕಿಂತ ಹತ್ತಿರವಾದ ವಿಷಯ ಇದರ ಪಕ್ಕದಲ್ಲೇ ಇದೆ. ಪಹಣಿಯಲ್ಲಿ ಮೂರು ಹೆಸರುಗಳಿವೆ. ನಾಲ್ಕನೆಯವರಿಗೆ ಹಕ್ಕಿಲ್ಲ ಅಂತ ಅರ್ಥವಾ? ಡೇಟಾಬೇಸ್ ಸಾಮಾನ್ಯವಾಗಿ ಹಾಗೇ ನಡೆದುಕೊಳ್ಳುತ್ತದೆ: ಬರೆದಿಲ್ಲದ್ದು ಸುಳ್ಳು. ರೇಮಂಡ್ ರೈಟರ್ 1978ರಲ್ಲಿ ಇದಕ್ಕೆ ಕ್ಲೋಸ್ಡ್ ವರ್ಲ್ಡ್ ಅಸಂಪ್ಷನ್ ಅಂತ ಹೆಸರಿಟ್ಟರು. ಬಸ್ ಟಿಕೆಟ್ ಬುಕಿಂಗ್‌ಗೆ ಇದು ಸರಿ. ಸೀಟು ಬುಕ್ ಆಗಿಲ್ಲದಿದ್ದರೆ ಖಾಲಿ ಅಂತಲೇ ಲೆಕ್ಕ. ಜಮೀನಿಗೆ ಹಾಗಲ್ಲ. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯಿಂದ ಹಿಂದೂ ಅವಿಭಕ್ತ ಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಗಂಡುಮಕ್ಕಳಷ್ಟೇ ಹಕ್ಕಿದೆ. ಪಹಣಿಯಲ್ಲಿ ಅವರ ಹೆಸರು ಇಲ್ಲದಿರಬಹುದು, ಹಕ್ಕು ಇರಬಹುದು. "ದಾಖಲಾದ ಮಾಲೀಕರು" ಮತ್ತು "ಹಕ್ಕುದಾರರು" ಎರಡು ಬೇರೆ ಪ್ರೆಡಿಕೇಟ್‌ಗಳು. ಇವೆರಡನ್ನೂ ಒಂದೇ ಬಾಕ್ಸ್‌ಗೆ ತುಂಬಿದ ಮಾಡೆಲ್, ಒಬ್ಬ ಮಗಳ ಪಾಲನ್ನೇ ಲೆಕ್ಕದಿಂದ ಅಳಿಸಿಬಿಡುತ್ತದೆ. ಅದಕ್ಕೇ ನಾನು ಈ ವಿಷಯದಲ್ಲಿ ಹಟ ಹಿಡಿಯುವುದು.

ಹಾಗಾದರೆ ಕಲಿಯೋದು ಹೇಗೆ? ಪ್ರೊಪೊಸಿಷನಲ್ ಲಾಜಿಕ್ (ಇಡೀ ಹೇಳಿಕೆಗಳನ್ನು "ಮತ್ತು", "ಅಥವಾ", "ಅಲ್ಲ" ಹಾಕಿ ಜೋಡಿಸುವ ಭಾಗ) ಬೇಗ ಮುಗಿಸಿ. ಟ್ರೂತ್ ಟೇಬಲ್ (ನಿಜ-ಸುಳ್ಳಿನ ಪಟ್ಟಿ), ಡಿ ಮಾರ್ಗನ್ ನಿಯಮ ("ಅಲ್ಲ"ವನ್ನು ಒಳಗೆ ತಳ್ಳಿದಾಗ "ಮತ್ತು" ಇದ್ದದ್ದು "ಅಥವಾ" ಆಗುವುದು, "ಅಥವಾ" ಇದ್ದದ್ದು "ಮತ್ತು" ಆಗುವುದು) ಗೊತ್ತಾದರೆ ಸಾಕು. ಕ್ವಾಂಟಿಫೈಯರ್‌ಗಳ ("ಎಲ್ಲ", "ಕನಿಷ್ಠ ಒಂದು") ಹತ್ತಿರ ಜಾಸ್ತಿ ಹೊತ್ತು ಕೂರಿ. ಪ್ರೂಫ್ ಪದ್ಧತಿಗಳು, ಕಂಪ್ಲೀಟ್‌ನೆಸ್ ಪ್ರಮೇಯ ಚೆಂದದ ವಿಷಯಗಳೇ, ಆದರೆ ಈ ಕೆಲಸಕ್ಕೆ ಕಾಯಬಹುದು. ಆಮೇಲೆ ಟೆರಿ ಹಾಲ್ಪಿನ್ ಬೆಳೆಸಿದ ಆಬ್ಜೆಕ್ಟ್-ರೋಲ್ ಮಾಡೆಲಿಂಗ್ ನೋಡಿ. ಒಂದೊಂದು ಸಂಗತಿಯನ್ನೂ ಚಿಕ್ಕ ವಾಕ್ಯವಾಗಿ ಬರೆದು, ಉದಾಹರಣೆಯ ಸಾಲುಗಳನ್ನಿಟ್ಟು ಪರೀಕ್ಷಿಸುವುದು ಅದರ ಕ್ರಮ.

ನಾನು ಎಲ್ಲರಿಗೂ ಹೇಳುವ ಅಭ್ಯಾಸ ನಿರಾಕರಣೆಯದ್ದು. ಯಾವ ನಿಯಮ ಬರೆದರೂ ಅದರ ಮುಂದೆ "ಅಲ್ಲ" ಹಾಕಿ, ಆ "ಅಲ್ಲ"ವನ್ನು ಒಳಗೊಳಗೆ ತಳ್ಳುತ್ತಾ ಹೋಗಿ. "ಎಲ್ಲ ಹಿಸ್ಸಾಗಳಿಗೂ ಮಾಲೀಕರಿದ್ದಾರೆ" ಅನ್ನೋದರ ನಿರಾಕರಣೆ "ಮಾಲೀಕರೇ ಇಲ್ಲದ ಒಂದು ಹಿಸ್ಸಾ ಇದೆ" ಅಂತ ಆಗುತ್ತದೆ. ಈಗ ಕೈಯಲ್ಲಿ ಒಂದು ಪ್ರಶ್ನೆ ಇದೆ. ಕಂದಾಯ ಇಲಾಖೆಯಲ್ಲಿ ಕೆಲಸ ಮಾಡುವವರ ಹತ್ತಿರ ಹೋಗಿ, "ಸರ್, ಹೀಗೆ ಆಗೋದುಂಟಾ?" ಅಂತ ಕೇಳಬಹುದು. ಅವರಿಗೆ ಲಾಜಿಕ್ ಗೊತ್ತಿರಬೇಕಾಗಿಲ್ಲ. ಉಂಟು ಅಂದರೆ ನಿಯಮ ತಿದ್ದಬೇಕು, ಇಲ್ಲ ಅಂದರೆ ಉಳಿಸಿಕೊಳ್ಳಬೇಕು. "ಆಗಬಾರದು, ಆದರೆ ಆಗುತ್ತದೆ" ಅಂದರೆ ಅದು ಮೂರನೇ ಜಾತಿಯ ನಿಯಮ. ಅದನ್ನು ಮುರಿದದ್ದೂ ದಾಖಲಾಗುವ ಹಾಗೆ ಮಾಡೆಲ್ ಮಾಡಬೇಕು.

ಸಂಕೇತಗಳಲ್ಲೇ ಬರೆಯಬೇಕಾ ಅಂತಲೂ ಕೇಳುತ್ತಾರೆ. ನಿಮ್ಮ ನೋಟ್‌ಬುಕ್‌ನಲ್ಲಿ ಬರೆಯಿರಿ, ಅದರಿಂದ ಯೋಚನೆ ಸಡಿಲವಾಗುವುದಿಲ್ಲ. ಮೀಟಿಂಗ್‌ಗೆ ಹೋಗುವಾಗ ವಾಕ್ಯ ಮತ್ತು ಉದಾಹರಣೆ ಮಾತ್ರ ಒಯ್ಯಿರಿ.