ದರ ಯಾಕ ಇಳಿದೈತಿ ಅಂತ ಮೊದಲ ಕೇಳ್ರಿ

ಹುಬ್ಬಳ್ಳಿಯ ಒಂದು ಟ್ರಾವೆಲ್ ಆಫೀಸಿನಲ್ಲಿ ನಾನು ಬುಕಿಂಗ್ ನೋಡಿಕೊಳ್ಳುತ್ತೇನೆ. ತಿರುಪತಿ, ಕಾಶಿ, ಕೇರಳ, ದುಬೈ ಇವು ವರ್ಷವಿಡೀ ನಡೆಯುವ ವ್ಯಾಪಾರ. ಡಿಸೆಂಬರ್ ಬಂತೆಂದರೆ ಅದರ ಜೊತೆಗೆ ಇನ್ನೊಂದು ಶುರುವಾಗುತ್ತದೆ, ಕಾಶ್ಮೀರದ ಗುಲ್ಮಾರ್ಗದಲ್ಲಿ ಕಾಲಿಗೆ ಸ್ಕೀ ಕಟ್ಟಿಕೊಂಡು ಹಿಮದ ಮೇಲೆ ಜಾರುವ ಪ್ರವಾಸ. "ಅಕ್ಕಾರ, ಗುಲ್ಮಾರ್ಗಕ್ಕ ಹೋಗಿ ಸ್ಕೀಯಿಂಗ್ ಮಾಡೋದೈತ್ರಿ. ಮುಂದಿನ ವಾರ ರಜಾ ಸಿಕ್ಕೈತಿ. ಕಡಿಮಿ ರೇಟಿನ್ಯಾಗ ಏನರ ಬರತೈತೇನು ನೋಡ್ರಿ." ಕೇಳುವವರು ಇಂಜಿನಿಯರಿಂಗ್ ಕಾಲೇಜಿನ ಹುಡುಗರು, ಹೊಸದಾಗಿ ಮದುವೆಯಾದವರು, ಧಾರವಾಡದ ಪ್ರೊಫೆಸರ್‌ಗಳು, ಗದಗಿನ ಡಾಕ್ಟರರು. ಹಿಮವನ್ನು ಟಿವಿಯಲ್ಲಷ್ಟೇ ಕಂಡವರೇ ಹೆಚ್ಚು. ಅವರ ಆಸೆ ನನಗೆ ಬಹಳ ಇಷ್ಟ, ಅದಕ್ಕೇ ಈ ಕೆಲಸ ಕಲಿಸಿದ್ದನ್ನು ಬರೆದಿಡುತ್ತಿದ್ದೇನೆ.

ಕಡಿಮೆ ದರದಲ್ಲಿ ಬರುತ್ತದೇನು ಅಂದರೆ, ಬರುತ್ತದೆ. ಆದರೆ ನಾವು ಪ್ಯಾಕೇಜ್ ಅಂತ ಕರೆಯುವುದರೊಳಗೆ ಆರು ಬೇರೆ ಬೇರೆ ಬಾಬ್ತುಗಳಿವೆ: ವಿಮಾನ, ಕೋಣೆ, ಗಾಡಿ, ಗೊಂಡೋಲಾ (ಬೆಟ್ಟ ಹತ್ತಿಸುವ ಕೇಬಲ್ ಕಾರ್) ಟಿಕೆಟ್, ಸ್ಕೀ ಸಾಮಾನು, ಕಲಿಸುವವರ ಫೀ. ದಿನ ಹತ್ತಿರ ಬಂದಂತೆ ಇವುಗಳಲ್ಲಿ ಖಾತ್ರಿಯಾಗಿ ಅಗ್ಗವಾಗಬಲ್ಲದ್ದು ಕೋಣೆ ಮಾತ್ರ. ಉಳಿದವು ಹಾಗೇ ಇರುತ್ತವೆ, ತುಟ್ಟಿಯಾಗುತ್ತವೆ, ಇಲ್ಲವೇ ಸಿಗುವುದೇ ಇಲ್ಲ.

ಕೋಣೆಯ ಲೆಕ್ಕ ನನಗಿಂತ ಚೆನ್ನಾಗಿ ಹೇಳಿದವರು ಬ್ಯಾಡಗಿಯ ಒಬ್ಬ ಮೆಣಸಿನಕಾಯಿ ವ್ಯಾಪಾರಸ್ಥರು. ಜನವರಿಯಿಂದ ಮಾರ್ಚ್‌ವರೆಗೆ ಅಲ್ಲಿ ಆವಕ ಜೋರು, ಸೋಮವಾರ ಮತ್ತು ಗುರುವಾರ ಮಾರುಕಟ್ಟೆ. ಯಾವ ವಾರ ಬಿಡುವಾಗುತ್ತದೆಂದು ಅವರಿಗೇ ಮುಂಚೆ ಗೊತ್ತಿರುವುದಿಲ್ಲ. ಮಗನಿಗೂ ಸೊಸೆಗೂ ಹಿಮ ತೋರಿಸಬೇಕು ಅಂತ ಬಂದಿದ್ದರು. ಅದೇ ಹೋಟೆಲು, ಅದೇ ಕೋಣೆ, ಹದಿನೈದು ದಿನದ ಹಿಂದಿನ ದರಕ್ಕೂ ಇವತ್ತಿನ ದರಕ್ಕೂ ಇಷ್ಟು ಅಂತರ ಯಾಕೆ ಅಂತ ನಾನು ವಿವರಿಸಲು ಹೊರಟೆ. ಅವರು ನಡುವೆಯೇ ಹೇಳಿದರು: "ತಿಳೀತ್ ಬಿಡ್ರಿ ಅಕ್ಕಾರ. ಮೆಣಸಿನಕಾಯಿಗೆ ರೇಟ್ ಬರಲಿಲ್ಲಂದ್ರ ನಾವು ಕೋಲ್ಡ್ ಸ್ಟೋರೇಜಿಗೆ ಹಾಕ್ತೀವಿ. ಖಾಲಿ ಖೋಲಿ ಅವ್ರು ಎಲ್ಲಿ ಇಟ್ಕೋತಾರ?"

ಇದರ ಹಿಂದೆ ಒಂದು ಪದ್ಧತಿ ಇದೆ. ದೊಡ್ಡ ಟೂರ್ ಕಂಪನಿಗಳು ಸೀಜನ್ನಿಗೆ ಮುಂಚೆಯೇ ಹೋಟೆಲುಗಳಲ್ಲಿ ಕೋಣೆ ಬ್ಲಾಕ್ ಮಾಡಿರುತ್ತವೆ. ಮಾರಾಟವಾಗದೆ ಉಳಿದದ್ದನ್ನು ಒಪ್ಪಂದದಂತೆ ಎರಡು ವಾರ, ಹತ್ತು ದಿನ ಅಥವಾ ಒಂದು ವಾರ ಮೊದಲು ಹೋಟೆಲಿಗೆ ವಾಪಸ್ ಬಿಡಬೇಕು. ನಾವು ಅದನ್ನು ರಿಲೀಸ್ ಅನ್ನುತ್ತೇವೆ. ಅದೇ ಹೊತ್ತಿಗೆ ಆನ್‌ಲೈನಿನಲ್ಲಿ ಎರಡೆರಡು ಕಡೆ ಬುಕ್ ಮಾಡಿಟ್ಟವರು, ದಂಡವಿಲ್ಲದೆ ಕ್ಯಾನ್ಸಲ್ ಮಾಡುವ ಗಡುವು ಮುಗಿಯುವ ಮೊದಲು ಒಂದನ್ನು ಬಿಟ್ಟುಕೊಡುತ್ತಾರೆ. ಹೀಗೆ ಹೊರಡುವ ದಿನಕ್ಕಿಂತ ಒಂದರಿಂದ ಎರಡು ವಾರ ಮುಂಚೆ ಹೋಟೆಲಿನವರ ಕೈಗೆ ಒಮ್ಮೆಲೇ ಕೋಣೆಗಳು ಬಂದು ಬೀಳುತ್ತವೆ. ನಿಜವಾದ ಡೀಲ್ ಹುಟ್ಟುವುದು ಆಗ. ವೆಬ್‌ಸೈಟಿನಲ್ಲಿ ದರ ಕೆಳಗಿಳಿಯುವುದನ್ನು ಕಾಯುತ್ತ ಕೂರುವ ಬದಲು ನಾನು ಮಧ್ಯಾಹ್ನ ಹನ್ನೆರಡರ ನಂತರ ನೇರವಾಗಿ ಹೋಟೆಲಿಗೆ ಫೋನ್ ಮಾಡುತ್ತೇನೆ. ಬೆಳಗಿನ ಚೆಕ್‌ಔಟ್ ಗದ್ದಲ ಮುಗಿದಿರುತ್ತದೆ, ಇವತ್ತು ಯಾವ ಗ್ರೂಪ್ ಬರಲಿಲ್ಲ ಅಂತ ಅವರಿಗೂ ಗೊತ್ತಾಗಿರುತ್ತದೆ. ಎಷ್ಟೋ ಸಲ ದರ ಇಳಿಸಲು ಒಪ್ಪದವರು ಅದೇ ದರದಲ್ಲಿ ರಾತ್ರಿ ಊಟ ಸೇರಿಸಲು ಒಪ್ಪುತ್ತಾರೆ. ಗುಲ್ಮಾರ್ಗದಲ್ಲಿ ಸಂಜೆಯ ಚಳಿಗೆ ಹೊರಗೆ ಹೋಟೆಲು ಹುಡುಕುವುದು ಕಷ್ಟ, ಹಾಗಾಗಿ ಊಟ ಸಿಕ್ಕರೆ ಅದು ಹಣ ಸಿಕ್ಕಂತೆಯೇ.

ಕ್ರಿಸ್‌ಮಸ್‌ನಿಂದ ಜನವರಿ ಮೊದಲ ವಾರದವರೆಗೆ ಇದನ್ನು ಕನಸಿನಲ್ಲೂ ಎಣಿಸಬೇಡಿ. ಗುಲ್ಮಾರ್ಗದಲ್ಲಿ ಇರುವ ಕೋಣೆಗಳೇ ಕಡಿಮೆ. ಮೇಲಾಗಿ ಡಿಸೆಂಬರ್ 31ರ ರಾತ್ರಿಗೆ ಗಾಲಾ ಡಿನ್ನರ್ ಅಂತ ಹಲವು ಹೋಟೆಲುಗಳು ಬೇಕೋ ಬೇಡವೋ ದುಡ್ಡು ಸೇರಿಸುತ್ತವೆ.

ಇನ್ನು ವಿಮಾನ. ಹುಬ್ಬಳ್ಳಿಯಿಂದ ದಿಲ್ಲಿಗೆ ನೇರ ವಿಮಾನ ಶುರುವಾದದ್ದು 2022ರ ನವೆಂಬರಿನಲ್ಲಿ. ನಮ್ಮ ಭಾಗದವರಿಗೆ ಅದು ದೊಡ್ಡ ಅನುಕೂಲ. ಆದರೆ ಬೆಂಗಳೂರಿನಲ್ಲಿ ದಿಲ್ಲಿಗೆ ಹತ್ತಾರು ವಿಮಾನಗಳಿದ್ದಂತೆ ನಮಗಿಲ್ಲ. ಸೀಟುಗಳು ತುಂಬುತ್ತ ಬಂದಂತೆ ಉಳಿದವುಗಳ ದರ ಏರುತ್ತದೆ. ಕೋಣೆಯಲ್ಲಿ ಉಳಿಸಿದ ಹಣ ವಿಮಾನಕ್ಕೆ ಹೋದರೆ ಡೀಲ್ ಎಲ್ಲಿ ಬಂತು? ಅದಕ್ಕೇ ನನ್ನ ಪದ್ಧತಿ ಹೀಗೆ: ರಜೆ ಇನ್ನೂ ಅರ್ಧ ಖಾತ್ರಿ ಇರುವಾಗಲೇ ವಿಮಾನ ಹಿಡಿ, ಸಾಧ್ಯವಾದರೆ ದಿನಾಂಕ ಬದಲಾಯಿಸಲು ಬರುವ ದರದಲ್ಲಿ ಹಿಡಿ, ಕೋಣೆಯನ್ನು ಕೊನೆಗೆ ಬಿಡು. ಗಿರಾಕಿಗಳು ಸಾಮಾನ್ಯವಾಗಿ ಮಾಡುವುದು ಉಲ್ಟಾ.

ಇಲ್ಲೇ ಇನ್ನೊಂದು ಮಾತು ಹೇಳಿಬಿಡುತ್ತೇನೆ, ಯಾಕೆಂದರೆ ಇದರಲ್ಲಿ ಜನ ದುಡ್ಡು ಕಳೆದುಕೊಳ್ಳುವುದನ್ನು ನೋಡಿ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಅಗ್ಗ ಸಿಕ್ಕಿತೆಂದು ಹುಬ್ಬಳ್ಳಿ–ದಿಲ್ಲಿ ಒಂದು ಟಿಕೆಟ್, ದಿಲ್ಲಿ–ಶ್ರೀನಗರ ಇನ್ನೊಂದು ಟಿಕೆಟ್, ಎರಡು ಬೇರೆ ಪಿಎನ್‌ಆರ್ (ಬುಕಿಂಗ್ ನಂಬರ್), ನಡುವೆ ಎರಡು ತಾಸು. ಡಿಸೆಂಬರ್, ಜನವರಿಯಲ್ಲಿ ದಿಲ್ಲಿಯ ಮಂಜಿಗೆ ಮೊದಲ ವಿಮಾನ ತಡವಾದರೆ ಎರಡನೇ ಕಂಪನಿಯವರಿಗೆ ನಿಮ್ಮ ಜವಾಬ್ದಾರಿ ಇರುವುದಿಲ್ಲ. ಆ ಟಿಕೆಟ್ ಹೋಯಿತು ಅಂತಲೇ ತಿಳಿಯಿರಿ. ಒಂದೇ ಪಿಎನ್‌ಆರ್‌ನಲ್ಲಿ ಎರಡೂ ಪ್ರಯಾಣ ಇದ್ದರೆ ಮುಂದಿನ ವಿಮಾನಕ್ಕೆ ಹತ್ತಿಸುವುದು ಅವರ ಕೆಲಸ. ಅದು ಸಿಗದಿದ್ದರೆ ದಿಲ್ಲಿಯಲ್ಲಿ ಒಂದು ರಾತ್ರಿ ಉಳಿಯಿರಿ. ಆ ಒಂದು ರಾತ್ರಿಯ ಖರ್ಚನ್ನು ನಾನು ಕೊಟೇಶನ್ನಿನಲ್ಲಿ ಮೊದಲೇ ಹಾಕಿಬಿಡುತ್ತೇನೆ.

ಗೊಂಡೋಲಾ ಟಿಕೆಟ್ಟಿಗೂ ರಿಯಾಯಿತಿ ಅನ್ನುವುದಿಲ್ಲ. ಜಮ್ಮು–ಕಾಶ್ಮೀರ ಕೇಬಲ್ ಕಾರ್ ಕಾರ್ಪೊರೇಷನ್ ಆನ್‌ಲೈನಿನಲ್ಲಿ ಹೆಸರು, ದಿನಾಂಕ ಹಾಕಿ ಮಾರುತ್ತದೆ. ಸೀಜನ್ನಿನಲ್ಲಿ ಬೇಗ ಮುಗಿಯುತ್ತದೆ. ಮೊದಲ ಹಂತ ಗುಲ್ಮಾರ್ಗದಿಂದ ಕೊಂಗ್‌ಡೂರಿವರೆಗೆ, ಎರಡನೆಯದು ಅಲ್ಲಿಂದ ಅಫರ್ವಾಟ್ ಬೆಟ್ಟದ ಭುಜದವರೆಗೆ, ಸುಮಾರು 3,950 ಮೀಟರ್ ಎತ್ತರಕ್ಕೆ. ಜೋರು ಗಾಳಿ ಬೀಸಿದರೆ ಅಥವಾ ಹಿಮಕುಸಿತದ ಭಯ ಇದ್ದರೆ ಎರಡನೇ ಹಂತ ನಿಲ್ಲಿಸುತ್ತಾರೆ. "ಫೇಸ್ ಟೂ ಇಲ್ಲಂದ್ರ ನಾವು ಬರಂಗಿಲ್ಲ" ಅನ್ನುವವರಿಗೆ ನಾನು ಬಿಡಿಸಿ ಹೇಳುತ್ತೇನೆ: ಮೊದಲ ಸಲ ಸ್ಕೀ ಕಾಲಿಗೆ ಕಟ್ಟುವವರಿಗೆ ಅಫರ್ವಾಟ್ ಇಳಿಜಾರು ಅಲ್ಲವೇ ಅಲ್ಲ. ಅದು ಪಳಗಿದವರ ಜಾಗ. ಹೊಸಬರು ಕಲಿಯುವುದು ಕೆಳಗೆ, ಗುಲ್ಮಾರ್ಗದ ಬಟ್ಟಲಿನಂಥ ಬಯಲಿನ ಅಂಚಿನ ಸಣ್ಣ ಇಳಿಜಾರುಗಳಲ್ಲಿ. ಮೊದಲ ದಿನ ಕಲಿಯುವುದೇ ಬೀಳುವುದು, ಏಳುವುದು, ಎರಡೂ ಸ್ಕೀಗಳ ತುದಿಯನ್ನು ಒಳಕ್ಕೆ ಕೂಡಿಸಿ ವೇಗ ತಗ್ಗಿಸುವುದು. ಅದಕ್ಕೆ ಗೊಂಡೋಲಾ ಬೇಕಿಲ್ಲ. ಗೊಂಡೋಲಾ ನೋಟಕ್ಕೆ ಒಂದು ದಿನ ಸಾಕು, ಉಳಿದ ದುಡ್ಡನ್ನು ಒಳ್ಳೆಯ ಇನ್‌ಸ್ಟ್ರಕ್ಟರ್‌ಗೆ ಕೊಡಿ.

ಇಷ್ಟು ದುಡ್ಡಿನ ಮಾತಾಯಿತು. ದರ ಬೀಳಲು ಇನ್ನೊಂದು ಕಾರಣವೂ ಇದೆ, ಮತ್ತು ನನ್ನ ಕೆಲಸದಲ್ಲಿ ನಾನು ಕಲಿತ ಎಲ್ಲಕ್ಕಿಂತ ದೊಡ್ಡ ಪಾಠ ಅದೇ: ಹಿಮ ಬಿದ್ದಿಲ್ಲ.

2024ರ ಜನವರಿಯಲ್ಲಿ ನಮ್ಮ ಫೋನುಗಳಿಗೆ ಗುಲ್ಮಾರ್ಗದ ಆಫರ್‌ಗಳು ಬಂದವು, ಬಂದೇ ಬಂದವು. ಕಾಶ್ಮೀರದಲ್ಲಿ ಡಿಸೆಂಬರ್ 21ರಿಂದ ನಲವತ್ತು ದಿನಗಳನ್ನು ಚಿಲ್ಲೈ ಕಲಾನ್ ಅನ್ನುತ್ತಾರೆ, ಚಳಿಗಾಲದ ಅತಿ ಕಠಿಣ ಕಾಲ, ಹಿಮ ಬೀಳಬೇಕಾದ ಕಾಲ. ಆ ವರ್ಷ ಆ ನಲವತ್ತು ದಿನದ ಬಹುಪಾಲು ಗುಲ್ಮಾರ್ಗದ ಬಯಲು ಕಂದು ಹುಲ್ಲಾಗಿತ್ತು. ಕಾಶ್ಮೀರಕ್ಕೆ ಹಿಮ ತರುವುದು ಮೆಡಿಟರೇನಿಯನ್ ಕಡೆಯಿಂದ ಬರುವ ವೆಸ್ಟರ್ನ್ ಡಿಸ್ಟರ್ಬನ್ಸ್ ಎಂಬ ಮೋಡದ ವ್ಯವಸ್ಥೆ. ಆ ಚಳಿಗಾಲದಲ್ಲಿ ಅವು ಬಲವಾಗಿ ಬರಲಿಲ್ಲ. ಮೆಸೇಜಿನಲ್ಲಿ ಮಾತ್ರ ಹಳೆಯ ವರ್ಷದ ಬೆಳ್ಳನೆಯ ಫೋಟೊಗಳು. ಗದಗಿನ ಒಬ್ಬ ಡಾಕ್ಟರ್ ದಂಪತಿಗಳು ಅಂಥದ್ದೇ ಒಂದು ಆಫರ್ ತೋರಿಸಿ, "ಇದಕ್ಕಿಂತ ಕಡಿಮಿ ಎಲ್ಲಿ ಸಿಗತೈತ್ರಿ ಮೇಡಂ?" ಅಂದರು. ಸಿಗುವುದಿಲ್ಲ, ಅದು ನಿಜ. ನಾನು ಅವರ ಎದುರೇ ಅಲ್ಲಿನ ಒಬ್ಬ ಸ್ಕೀ ಇನ್‌ಸ್ಟ್ರಕ್ಟರ್‌ಗೆ ಫೋನ್ ಹಚ್ಚಿ, ಇವತ್ತು ಬೆಳಿಗ್ಗೆ ಇಳಿಜಾರಿನ ವಿಡಿಯೋ ತೆಗೆದು ಕಳಿಸಿ ಅಂದೆ. ಬಂದ ವಿಡಿಯೋದಲ್ಲಿ ಕುದುರೆಗಳು ಹುಲ್ಲು ಮೇಯುತ್ತಿದ್ದವು. ಡಾಕ್ಟರು ರಜೆಯನ್ನು ಫೆಬ್ರುವರಿಗೆ ಮುಂದೂಡಿದರು. ಜನವರಿ ಕೊನೆಗೆ ಹಿಮ ಶುರುವಾಯಿತು, ಫೆಬ್ರುವರಿಯಲ್ಲಿ ಖೇಲೋ ಇಂಡಿಯಾ ಚಳಿಗಾಲದ ಕ್ರೀಡೆಗಳೂ ಅಲ್ಲೇ ನಡೆದವು. ಅವರಿಗೆ ಕೋಣೆಯ ದರ ಜಾಸ್ತಿ ಬಿತ್ತು. ಆದರೂ ಅವರು ಹೋದದ್ದು ಹಿಮಕ್ಕೆ, ಹಿಮ ಸಿಕ್ಕಿತು.

ಮರುವರ್ಷವೂ ಇದೇ ಕಥೆ, ತಿಂಗಳು ಮಾತ್ರ ಬೇರೆ. 2025ರ ಫೆಬ್ರುವರಿಯಲ್ಲಿ ಹಿಮ ಸಾಲದೆ ಅದೇ ಕ್ರೀಡೆಗಳನ್ನು ಮುಂದೂಡಿ ಮಾರ್ಚ್‌ನಲ್ಲಿ ನಡೆಸಬೇಕಾಯಿತು. ಸರಕಾರವೇ ದಿನಾಂಕ ಬದಲಿಸುವ ಪರಿಸ್ಥಿತಿ ಇರುವಾಗ ಮೂರು ತಿಂಗಳ ಮುಂಚೆ ಹಣ ಕಟ್ಟಿ ಕೂತವರ ಪಾಡು ಯೋಚಿಸಿ. ಹೀಗಾಗಿ ಸ್ಕೀ ಪ್ರವಾಸದ ಮಟ್ಟಿಗೆ ಕೊನೆಯ ಗಳಿಗೆಯ ಬುಕಿಂಗ್‌ನ ಅಸಲಿ ಲಾಭ ರಿಯಾಯಿತಿ ಅಲ್ಲ ಅಂತ ನಾನು ಈಗ ದೃಢವಾಗಿ ಹೇಳುತ್ತೇನೆ. ಹಿಮ ಬಿದ್ದದ್ದನ್ನು ನೋಡಿಕೊಂಡು ಹೊರಡಬಹುದು, ಅದೇ ಲಾಭ. ಹವಾಮಾನ ಇಲಾಖೆಯ ಶ್ರೀನಗರ ಕೇಂದ್ರದ ಮುನ್ಸೂಚನೆಯನ್ನು ಚಳಿಗಾಲದಲ್ಲಿ ನಾನು ದಿನಾ ನೋಡುತ್ತೇನೆ. ಎರಡು–ಮೂರು ದಿನ ಚೆನ್ನಾಗಿ ಹಿಮ ಬೀಳುತ್ತದೆ ಅಂತ ಬಂದರೆ, ಬೀಳುವ ದಿನಗಳಿಗಲ್ಲ, ಅದರ ಮರುದಿನಗಳಿಗೆ ಕೋಣೆ ಹುಡುಕುತ್ತೇನೆ. ಬೀಳುವ ದಿನ ಶ್ರೀನಗರದ ವಿಮಾನಗಳು ರದ್ದಾಗಬಹುದು, ಗುಲ್ಮಾರ್ಗದ ಕೆಳಗಿನ ತಂಗ್ಮಾರ್ಗದಿಂದ ಮೇಲಿನ 13 ಕಿಲೋಮೀಟರ್ ರಸ್ತೆಯಲ್ಲಿ ಟೈರಿಗೆ ಚೈನ್ ಕಟ್ಟಿದ ಗಾಡಿಗಳಷ್ಟೇ ಓಡುತ್ತವೆ.

ಹಿಮ ಇದೆಯೋ ಇಲ್ಲವೋ ಅಂತ ಹೋಟೆಲಿನವರನ್ನು ಕೇಳಬೇಡಿ. ಅವರು ಕೆಟ್ಟವರೆಂದಲ್ಲ, ಅವರಿಗೆ ಕೋಣೆ ತುಂಬಬೇಕು, "ಬಹುತ್ ಹೈ ಮೇಡಂ" ಅಂದೇ ಅನ್ನುತ್ತಾರೆ. ಇನ್‌ಸ್ಟ್ರಕ್ಟರ್‌ನನ್ನು ಕೇಳಿ. ಹಿಮವಿಲ್ಲದೆ ಬಂದ ಗಿರಾಕಿ ಅವನಿಗೂ ಉಪಯೋಗವಿಲ್ಲ. ಹೋಟೆಲಿನವರಿಗೆ ಕೇಳಬೇಕಾದದ್ದು ಬೇರೆ: ರಾತ್ರಿಯಿಡೀ ಕೋಣೆ ಬಿಸಿ ಇರುತ್ತದೋ, ಕರೆಂಟ್ ಹೋದರೆ ಏನು ವ್ಯವಸ್ಥೆ, ಬಿಸಿನೀರು ಎಷ್ಟು ಹೊತ್ತಿನಿಂದ ಎಷ್ಟು ಹೊತ್ತು, ಹಾಸಿಗೆಗೆ ಎಲೆಕ್ಟ್ರಿಕ್ ಬ್ಲಾಂಕೆಟ್ ಇದೆಯೋ. ನಮ್ಮ ಕಡೆಯ ಹಿರಿಯರನ್ನು ಕರೆದುಕೊಂಡು ಹೋಗುವವರಿಗೆ ಈ ಪ್ರಶ್ನೆಗಳು ದರಕ್ಕಿಂತ ಮುಖ್ಯ.

ಹೊರಡುವ ಗಡಿಬಿಡಿಯಲ್ಲಿ ತಪ್ಪಿಹೋಗುವ ಒಂದು ಸಂಗತಿ ಫೋನು. ಬೇರೆ ರಾಜ್ಯದ ಪ್ರಿಪೇಯ್ಡ್ ಸಿಮ್ ಜಮ್ಮು–ಕಾಶ್ಮೀರದಲ್ಲಿ ನಡೆಯುವುದಿಲ್ಲ, ಪೋಸ್ಟ್‌ಪೇಯ್ಡ್ ಮಾತ್ರ. ಮನೆಯವರಲ್ಲಿ ಒಬ್ಬರಾದರೂ ಹುಬ್ಬಳ್ಳಿ ಬಿಡುವ ಮೊದಲೇ ಪೋಸ್ಟ್‌ಪೇಯ್ಡ್ ಮಾಡಿಸಿಕೊಳ್ಳಿ. ಸ್ಕೀ, ಬೂಟು, ದಪ್ಪ ಜಾಕೆಟ್ ಎಲ್ಲ ಅಲ್ಲೇ ಬಾಡಿಗೆಗೆ ಸಿಗುತ್ತವೆ, ಕೊಳ್ಳಬೇಡಿ. ಒಳಗೆ ಹಾಕುವ ಥರ್ಮಲ್ ಮತ್ತು ನೀರು ಹೀರದ ಕೈಗವಸು ಮಾತ್ರ ನಿಮ್ಮದೇ ಇರಲಿ.

ಗುಲ್ಮಾರ್ಗ ಬಿಟ್ಟು ಉತ್ತರಾಖಂಡದ ಔಲಿ ಅಥವಾ ಸೋಲಾಂಗ್ ಕೇಳುವವರಿಗೆ ಎರಡು ಮಾತು. 2023ರ ಜನವರಿಯಲ್ಲಿ ಔಲಿಯ ಕೆಳಗಿನ ಊರು ಜೋಶಿಮಠದ ನೆಲ ಕುಸಿದಾಗ ಔಲಿಯ ರೋಪ್‌ವೇ ನಿಂತಿತು. ಹೋಗುವವರು ರಸ್ತೆಯ ಸ್ಥಿತಿ ಕೇಳಿಕೊಂಡೇ ಹೊರಡಬೇಕು. ಮನಾಲಿ ಹತ್ತಿರದ ಸೋಲಾಂಗ್‌ನಲ್ಲಿ ಒಂದು ದಿನದ ರುಚಿ ನೋಡಬಹುದು. ಗಂಭೀರವಾಗಿ ಕಲಿಯುವವರಿಗೆ ಮನಾಲಿಯ ಅಟಲ್ ಬಿಹಾರಿ ವಾಜಪೇಯಿ ಪರ್ವತಾರೋಹಣ ಸಂಸ್ಥೆಯ ಕೋರ್ಸುಗಳಿವೆ. ಅವು ಸರಕಾರಿ ಫೀ, ಡೀಲ್ ಇಲ್ಲ, ಸೀಟು ಮುಂಚೆಯೇ ಹಿಡಿಯಬೇಕು.

ಯುರೋಪಿನ ಕಥೆ ಬೇರೆ. ಅಲ್ಲಿ ಟೂರ್ ಕಂಪನಿಗಳು ಚಾರ್ಟರ್ ವಿಮಾನ, ಮನೆಗಳನ್ನು ಇಡೀ ಸೀಜನ್ನಿಗೆ ಹಿಡಿದು ಶನಿವಾರದಿಂದ ಶನಿವಾರಕ್ಕೆ ಮಾರುತ್ತವೆ. ಹೊಸ ವರ್ಷದ ನಂತರದ ಜನವರಿ ವಾರಗಳಲ್ಲಿ ಮತ್ತು ಮಾರ್ಚ್ ಕೊನೆಗೆ ಉಳಿದ ಹಾಸಿಗೆಗಳು ಬಹಳ ಅಗ್ಗಕ್ಕೆ ಬರುತ್ತವೆ. ಫೆಬ್ರುವರಿಯ ಶಾಲಾ ರಜೆಯಲ್ಲಿ ಬರುವುದಿಲ್ಲ. ಮಾರ್ಚ್‌ಗೆ ಹೋಗುವವರು ಫ್ರಾನ್ಸಿನ ವಾಲ್ ಥೊರಾನ್ಸ್‌ನಂಥ, 2,300 ಮೀಟರ್ ಎತ್ತರದ ಊರು ಹಿಡಿಯಬೇಕು, ತಗ್ಗಿನ ಊರುಗಳಲ್ಲಿ ಆಗ ಹಿಮ ಕರಗುತ್ತಿರುತ್ತದೆ. ಆದರೆ ಈ ಡೀಲುಗಳು ಲಂಡನ್ನಿನಲ್ಲೋ ಆಮ್‌ಸ್ಟರ್‌ಡ್ಯಾಮಿನಲ್ಲೋ ಇರುವ ನಿಮ್ಮ ಮಗಳಿಗೆ, ಅಳಿಯನಿಗೆ. ಹುಬ್ಬಳ್ಳಿಯಿಂದ ಹೊರಡುವವರಿಗೆ ಶೆಂಗೆನ್ ವೀಸಾ (ಯುರೋಪಿನ ಹಲವು ದೇಶಗಳಿಗೆ ನಡೆಯುವ ಒಂದೇ ವೀಸಾ) ಬೇಕು, ಅರ್ಜಿ ಕೊಟ್ಟ ಮೇಲೆ ಸಾಮಾನ್ಯವಾಗಿ 15 ದಿನ, ಕೆಲವೊಮ್ಮೆ 45 ದಿನವೂ ಹಿಡಿಯಬಹುದು. ವೀಸಾ ಮೊದಲೇ ಕೈಯಲ್ಲಿದ್ದವರಿಗಷ್ಟೇ ಕೊನೆಯ ಗಳಿಗೆ ಎಂಬ ಮಾತು ಅನ್ವಯಿಸುತ್ತದೆ.

ವಿದೇಶದಲ್ಲಿ, ವೀಸಾ ಕಾಯದೆ, ಹಿಮ ನೋಡಬೇಕೆನ್ನುವವರಿಗೆ ನಾನು ಈಗ ಹೇಳುವುದು ಕಜಕಸ್ತಾನದ ಅಲ್ಮಾಟಿ. 2022ರಿಂದ ಭಾರತೀಯರು ಅಲ್ಲಿ 14 ದಿನ ವೀಸಾ ಇಲ್ಲದೆ ಇರಬಹುದು, ದಿಲ್ಲಿಯಿಂದ ನೇರ ವಿಮಾನಗಳಿವೆ. ಊರಿನಲ್ಲೇ ಕೋಣೆ ಹಿಡಿದು, ಊರಂಚಿನ ಮೆಡೆಯುವಿನಿಂದ ಗೊಂಡೋಲಾ ಹತ್ತಿ ಶಿಂಬುಲಾಕ್ ಎಂಬ ಸ್ಕೀ ತಾಣಕ್ಕೆ ಹೋಗಿ ಸಂಜೆ ವಾಪಸ್ ಬರಬಹುದು. ಅಲ್ಮಾಟಿ ದೊಡ್ಡ ನಗರವಾದ್ದರಿಂದ ಕೋಣೆಗಳಿಗೆ ಬರವಿಲ್ಲ, ಬೆಟ್ಟದ ಮೇಲಿನ ದರ ಕೊಡಬೇಕಾಗಿಯೂ ಇಲ್ಲ. ಶನಿವಾರ, ಭಾನುವಾರ ಊರವರೇ ತುಂಬಿರುತ್ತಾರೆ, ಸ್ಕೀಯಿಂಗನ್ನು ವಾರದ ನಡುವಿನ ದಿನಗಳಿಗೆ ಇಟ್ಟುಕೊಳ್ಳಿ. ಟ್ರಾವೆಲ್ ಇನ್ಶೂರೆನ್ಸ್ ಮಾಡಿಸುವಾಗ ಪಾಲಿಸಿಯಲ್ಲಿ ಸ್ಕೀಯಿಂಗ್ ಸೇರಿದೆಯೋ ಅಂತ ಓದಿಸಿ ನೋಡಿ, ಎಷ್ಟೋ ಪಾಲಿಸಿಗಳು ಸಾಹಸ ಕ್ರೀಡೆ ಅಂತ ಅದನ್ನು ಹೊರಗಿಡುತ್ತವೆ. ಕೇಳಲು ಬರುವವರು ಪಾಸ್‌ಪೋರ್ಟ್ ತರಲಿ, ವಾಯಿದೆ ಆರು ತಿಂಗಳಿಗಿಂತ ಕಡಿಮೆ ಉಳಿದಿದ್ದರೆ ಮೊದಲು ರಿನ್ಯೂವಲ್, ಆಮೇಲೆ ಉಳಿದ ಮಾತು.